ಕಥೋಲಿಕ ಪರಂಪರೆಯಲ್ಲಿ ಕಾಯಿಲೆ ಮತ್ತು ಬದಲಾದ ರೂಪ

ಕುಷ್ಠ, ಸಿಡುಬು, ಕ್ಯಾನ್ಸರ್, ಸುಟ್ಟ ಗಾಯ, ಪಾರ್ಶ್ವವಾಯು ಮುಂತಾದವು ಮನುಷ್ಯನಿಗೆ ಎರಡು ಬಗೆಯ ಸಂಕಟ ತರುತ್ತವೆ. ಒಂದು ದೇಹದ ನೋವು. ಇನ್ನೊಂದು ಕನ್ನಡಿಯಲ್ಲಿ ತನ್ನ ಗುರುತು ತನಗೇ ಸಿಗದಿರುವುದು, ಬೀದಿಯಲ್ಲಿ ಎದುರಾದವರು ದೃಷ್ಟಿ ತಿರುಗಿಸುವುದು. ಕಥೋಲಿಕ ಧರ್ಮಸಭೆ ಮೊದಲನೆಯದರ ಬಗ್ಗೆ ವಿಸ್ತಾರವಾದ ಬೋಧನೆಯನ್ನೇ ಕಟ್ಟಿದೆ. ಎರಡನೆಯದಕ್ಕೆ ಅದು ಕೊಟ್ಟಿರುವ ಉತ್ತರ ಒಂದೆಡೆ ಸಿಗುವುದಿಲ್ಲ. ಧರ್ಮಗ್ರಂಥದ ಕೆಲವು ಸಾಲುಗಳಲ್ಲಿ, ಸಂತರ ಚರಿತ್ರೆಗಳಲ್ಲಿ, ಪೂಜಾವಿಧಿಯ ಸಣ್ಣ ನಿಯಮಗಳಲ್ಲಿ ಅದು ಚದುರಿದೆ. ಅವನ್ನೆಲ್ಲ ಕೂಡಿಸಿ ನೋಡಿದರೆ ಕಾಣುವ ಮುಖ್ಯ ನಂಬಿಕೆ ಇದು: ಗಾಯಗೊಂಡ ದೇಹವೂ ಆ ವ್ಯಕ್ತಿಯೇ, ದೇವರು ಆ ದೇಹವನ್ನು ಗುರುತಿಸುತ್ತಾನೆ. ಈ ನಂಬಿಕೆಗೆ ವಿರುದ್ಧವಾಗಿ ಧರ್ಮಸಭೆಯೇ ನಡೆದುಕೊಂಡ ಕಾಲಗಳೂ ಇವೆ.

ಧರ್ಮಗ್ರಂಥದ ಹಿನ್ನೆಲೆ

ಯೋಬನ ಗ್ರಂಥದಲ್ಲಿ ನೆತ್ತಿಯಿಂದ ಅಂಗಾಲಿನವರೆಗೆ ಹುಣ್ಣೆದ್ದ ಯೋಬ ಬೂದಿಯಲ್ಲಿ ಕುಳಿತಿದ್ದಾನೆ. ಅವನನ್ನು ನೋಡಲು ಬಂದ ಮೂವರು ಗೆಳೆಯರಿಗೆ ದೂರದಿಂದ ಅವನ ಗುರುತೇ ಹತ್ತುವುದಿಲ್ಲ. ಏಳು ದಿನ ಅವರು ಮಾತಾಡದೆ ಅವನ ಪಕ್ಕದಲ್ಲಿ ಕೂರುತ್ತಾರೆ. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ, ನೀನು ಪಾಪ ಮಾಡಿರಬೇಕು, ಅದರ ಫಲ ಉಣ್ಣುತ್ತಿದ್ದೀಯೆ ಎಂದು ವಾದಿಸುತ್ತಾರೆ. ಗ್ರಂಥದ ಕೊನೆಯಲ್ಲಿ ದೇವರು ಅವರ ಮಾತನ್ನು ಸರಿಯಲ್ಲವೆಂದು ತಳ್ಳಿಹಾಕುತ್ತಾನೆ. ಯೊವಾನ್ನನ ಶುಭಸಂದೇಶದ 9ನೇ ಅಧ್ಯಾಯದಲ್ಲಿ ಶಿಷ್ಯರು ಹುಟ್ಟುಕುರುಡನನ್ನು ತೋರಿಸಿ, ಪಾಪ ಯಾರದು, ಇವನದೋ ಹೆತ್ತವರದೋ ಎಂದು ಕೇಳಿದಾಗ ಯೇಸುವಿನ ಉತ್ತರ ಇಬ್ಬರದೂ ಅಲ್ಲ ಎಂಬುದು. ಕಾಯಿಲೆಯನ್ನು ಹಣೆಬರಹವೆಂದೋ ಹಿಂದಿನದರ ಫಲವೆಂದೋ ನೋಡುವ ಅಭ್ಯಾಸ ಎಲ್ಲ ನಾಡುಗಳಲ್ಲೂ ಇದೆ. ಕಥೋಲಿಕ ಮನೆಗಳಲ್ಲೂ ಈ ಪ್ರಶ್ನೆ ಇಂದಿಗೂ ನಿಂತಿಲ್ಲ. ಧರ್ಮಬೋಧಕರು ಮತ್ತೆ ಮತ್ತೆ ಈ ಅಧ್ಯಾಯಕ್ಕೇ ಮರಳಬೇಕಾಗಿದೆ.

ರೂಪದ ವಿಷಯಕ್ಕೆ ಬಂದರೆ ಎಲ್ಲಕ್ಕಿಂತ ಆಳಕ್ಕಿಳಿದದ್ದು ಪ್ರವಾದಿ ಯೆಶಾಯನ ಗ್ರಂಥದ 52 ಮತ್ತು 53ನೇ ಅಧ್ಯಾಯಗಳ ‘ನೊಂದ ಸೇವಕ’ನ ಚಿತ್ರ. ಆ ಸೇವಕನಲ್ಲಿ ಅಂದವಿಲ್ಲ, ನೋಡಿದವರು ಬೆಚ್ಚುವಷ್ಟು ಅವನ ಮುಖ ವಿಕಾರವಾಗಿದೆ, ಜನ ಅವನನ್ನು ಕಂಡು ಮುಖ ಮರೆಸಿಕೊಳ್ಳುತ್ತಾರೆ. ಕ್ರೈಸ್ತರು ಮೊದಲಿನಿಂದಲೂ ಈ ಸೇವಕನಲ್ಲಿ ಶಿಲುಬೆಯ ಯೇಸುವನ್ನು ಕಂಡರು. ಶುಭ ಶುಕ್ರವಾರದ ಆರಾಧನೆಯಲ್ಲಿ ಮೊದಲ ವಾಚನವಾಗಿ ಇದನ್ನೇ ಓದುತ್ತಾರೆ. ಹೀಗಾಗಿ ಜನ ನೋಡಲಾರದ ಮುಖವೇ ದೇವರ ಮುಖವಾಗಿರಬಹುದು ಎಂಬ ಮಾತು ವರ್ಷಕ್ಕೊಮ್ಮೆ ಪ್ರತಿ ದೇವಾಲಯದಲ್ಲೂ ಕೇಳಿಬರುತ್ತದೆ.

ಕನ್ನಡದಲ್ಲಿ ಇನ್ನೊಂದು ಹೊಳಹು ಸಹಜವಾಗಿ ಸಿಗುತ್ತದೆ. ಬೆಟ್ಟದ ಮೇಲೆ ಯೇಸುವಿನ ಮುಖ ಸೂರ್ಯನಂತೆ ಬೆಳಗಿದ ಘಟನೆಗೆ ಕನ್ನಡ ಕ್ರೈಸ್ತರು ಬಳಸುವ ಪದ ‘ರೂಪಾಂತರ’. ಅದರ ಹಬ್ಬ ಆಗಸ್ಟ್ 6. ರೂಪ ಬೇರೆಯಾಗುವುದು ಎಂಬುದೇ ಪದದ ಅರ್ಥ. ಆ ಬೆಳಕನ್ನು ಕಂಡ ಪೇತ್ರ, ಯಕೋಬ, ಯೊವಾನ್ನರೇ ಮುಂದೆ ಗೆತ್ಸೆಮನೆ ತೋಪಿನಲ್ಲಿ ಯೇಸು ಸಂಕಟಪಡುವಾಗಲೂ ಹತ್ತಿರವಿದ್ದವರು. ಒಂದು ರೂಪಾಂತರವನ್ನು ಇನ್ನೊಂದರಿಂದ ಬೇರ್ಪಡಿಸಿ ನೋಡಬಾರದೆಂದು ವ್ಯಾಖ್ಯಾನಕಾರರು ಹೇಳುತ್ತ ಬಂದಿದ್ದಾರೆ.

ಸಂತ ಪೌಲರು ತಮ್ಮ ದೇಹದಲ್ಲಿ ನಾಟಿದ ಒಂದು ‘ಮುಳ್ಳಿನ’ ಬಗ್ಗೆ ಬರೆದಿದ್ದಾರೆ. ಅದು ಯಾವ ಕಾಯಿಲೆ ಎಂಬುದು ಇತ್ಯರ್ಥವಾಗಿಲ್ಲ. ಅದನ್ನು ತೆಗೆಯಬೇಕೆಂದು ಮೂರು ಸಲ ಬೇಡಿದರೂ ಅದು ಹೋಗಲಿಲ್ಲ; ಬದಲಿಗೆ ಕೃಪೆ ಸಾಕು ಎಂಬ ಉತ್ತರ ಬಂತು. ಗಲಾತ್ಯದವರಿಗೆ ಬರೆದ ಪತ್ರದಲ್ಲಿ, ತಾವು ಅಲ್ಲಿ ಮೊದಲು ಬೋಧಿಸಿದ್ದು ಕಾಯಿಲೆಯ ಕಾರಣದಿಂದ ಎಂದೂ, ತಮ್ಮ ದೇಹಸ್ಥಿತಿ ಅವರಿಗೆ ಅಸಹ್ಯ ತರಬಹುದಾಗಿದ್ದರೂ ಅವರು ಹೀಗಳೆಯಲಿಲ್ಲವೆಂದೂ ನೆನೆಯುತ್ತಾರೆ. ಕೊಲೊಸ್ಸೆಯವರಿಗೆ ಬರೆದ ಪತ್ರದ 1:24ರಲ್ಲಿ, ಕ್ರಿಸ್ತನ ಯಾತನೆಯಲ್ಲಿ ಇನ್ನೂ ಉಳಿದದ್ದನ್ನು ತಮ್ಮ ದೇಹದಲ್ಲಿ ತುಂಬುತ್ತಿರುವುದಾಗಿ ಹೇಳುತ್ತಾರೆ. ನೋವನ್ನು ಇತರರಿಗಾಗಿ ದೇವರಿಗೆ ಅರ್ಪಿಸುವ ಕಥೋಲಿಕ ರೂಢಿಯ ಬೇರು ಈ ವಾಕ್ಯದಲ್ಲಿದೆ.

ಪುನರುತ್ಥಾನದ ನಂತರವೂ ಉಳಿದ ಗಾಯ

ಸತ್ತು ಎದ್ದುಬಂದ ಯೇಸುವಿನ ದೇಹದಲ್ಲಿ ಮೊಳೆಯ ಗುರುತು ಮಾಯವಾಗಿರಲಿಲ್ಲ. ತೋಮನಿಗೆ ಅವರು ತೋರಿಸಿದ್ದು ಆ ಗಾಯಗಳನ್ನೇ. ಈ ವಿವರ ದೈವಶಾಸ್ತ್ರಜ್ಞರನ್ನು ಬಹುಕಾಲ ಕಾಡಿತು. ಪರಿಪೂರ್ಣವಾದ ದೇಹದಲ್ಲಿ ಕಲೆ ಏಕೆ ಉಳಿಯಬೇಕು? ಸಂತ ಅಗಸ್ಟೀನರು ‘ದೇವನಗರ’ ಗ್ರಂಥದ 22ನೇ ಸಂಪುಟದಲ್ಲಿ, ಪುನರುತ್ಥಾನದಲ್ಲಿ ದೇಹದ ಊನಗಳು ನೀಗುತ್ತವೆ, ಆದರೆ ಕ್ರಿಸ್ತನಿಗಾಗಿ ಗಾಯಗೊಂಡ ರಕ್ತಸಾಕ್ಷಿಗಳ ಕಲೆಗಳು ಉಳಿಯಬಹುದು, ಅವು ಕುಂದಾಗಿ ಕಾಣದೆ ಘನತೆಯಾಗಿ ಕಾಣುತ್ತವೆ ಎಂದು ವಾದಿಸಿದರು. 13ನೇ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಕ್ರಿಸ್ತನ ಗಾಯಗಳ ಬಗ್ಗೆ ಇದೇ ಜಾಡಿನಲ್ಲಿ ಬರೆದರು. ಇವರ ಯೋಚನೆಯಲ್ಲಿ ಆ ಗಾಯಗಳು ಆ ವ್ಯಕ್ತಿಯ ಕಥೆಯ ಭಾಗ, ಅವನ್ನು ಅಳಿಸಿದರೆ ಕಥೆಯೇ ಅಳಿಸಿಹೋಗುತ್ತದೆ.

ಅಗಸ್ಟೀನರ ಮಾತು ರಕ್ತಸಾಕ್ಷಿಗಳಿಗೆ ಸೀಮಿತವಾಗಿತ್ತು. ಸಾಮಾನ್ಯ ರೋಗಿಯ ಕಲೆಗೂ ಅದನ್ನು ಹಿಗ್ಗಿಸಬಹುದೇ ಎಂಬ ಪ್ರಶ್ನೆ ತೆರೆದೇ ಇದೆ. ಸ್ತನ ತೆಗೆಸಿಕೊಂಡವರು, ಬೆಂಕಿಯಲ್ಲಿ ಬೆಂದವರು ಇಂದು ಆ ವಾದದಲ್ಲಿ ತಮ್ಮ ಪಾಲನ್ನು ಕಂಡುಕೊಂಡರೆ ಅದು ಮೂಲ ಆಶಯಕ್ಕೆ ದೂರವೆನಿಸದು.

ಆದಿ ಧರ್ಮಸಭೆಯಿಂದ ಮಧ್ಯಯುಗದವರೆಗೆ

4ನೇ ಶತಮಾನದಲ್ಲಿ ಕಪ್ಪದೋಕಿಯದ (ಇಂದಿನ ಟರ್ಕಿ) ಬಿಷಪ್ ಸಂತ ಬೆಸಿಲರು ಸಿಸೇರಿಯ ನಗರದ ಹೊರಗೆ ಬಡವರಿಗೂ ರೋಗಿಗಳಿಗೂ ದೊಡ್ಡ ಆಶ್ರಯ ಕಟ್ಟಿಸಿದರು. ಮುಖ, ಕೈಕಾಲು ವಿಕಾರಗೊಂಡ ಚರ್ಮರೋಗಿಗಳಿಗೂ ಅಲ್ಲಿ ಜಾಗವಿತ್ತು. ಅವರ ಗೆಳೆಯರಾದ ನಾಜಿಯಾನ್ಸಿನ ಸಂತ ಗ್ರೆಗೊರಿಯವರು ಬಡವರ ಮೇಲಿನ ಪ್ರೀತಿಯನ್ನು ಕುರಿತು ಮಾಡಿದ ಪ್ರವಚನದಲ್ಲಿ ಮರೆಯಲಾಗದ ಒಂದು ನೋಟವಿದೆ. ರೋಗದಿಂದ ರೂಪ ಅಳಿದವರು ಬೀದಿಯಲ್ಲಿ ನಿಂತು ತಮ್ಮ ಹೆಸರು, ತಂದೆಯ ಹೆಸರು, ತಾಯಿಯ ಹೆಸರು ಕೂಗಿ ಹೇಳುತ್ತಾರೆ, ಹಿಂದೆ ನೀನು ನನ್ನ ಗೆಳೆಯನಾಗಿದ್ದೆ ಎಂದು ನೆನಪಿಸುತ್ತಾರೆ; ಮುಖ ನೋಡಿ ಯಾರೂ ಗುರುತಿಸುವಂತಿಲ್ಲದ್ದರಿಂದ ಬಾಯಿಬಿಟ್ಟು ಹೇಳಬೇಕಾಗಿದೆ. ಬದಲಾದ ರೂಪದ ಸಾಮಾಜಿಕ ಸಾವನ್ನು ಇಷ್ಟು ಹತ್ತಿರದಿಂದ ಕಂಡ ಬರಹಗಳು ಆ ಕಾಲದಲ್ಲಿ ವಿರಳ.

ಮಧ್ಯಯುಗದ ಯುರೋಪು ಇದೇ ಅನುಕಂಪವನ್ನೂ ಅದರ ವಿರುದ್ಧವನ್ನೂ ಒಟ್ಟಿಗೆ ಬೆಳೆಸಿತು. ಮಠಗಳೂ ಧರ್ಮದತ್ತಿಗಳೂ ನೂರಾರು ಕುಷ್ಠಾಶ್ರಮಗಳನ್ನು ನಡೆಸಿದವು. 1179ರ ಮೂರನೇ ಲ್ಯಾಟೆರನ್ ಮಹಾಸಭೆ ಅಲ್ಲಿನವರಿಗೆ ತಮ್ಮದೇ ಗುರುಗಳು, ದೇವಾಲಯ, ಸ್ಮಶಾನ ಇರಬೇಕೆಂದು ವಿಧಿಸಿತು. ಇದು ಹಕ್ಕೂ ಹೌದು, ಬೇರ್ಪಡಿಕೆಗೆ ಹಾಕಿದ ಮುದ್ರೆಯೂ ಹೌದು. ಕೆಲವು ಕಡೆ ರೋಗಿಯನ್ನು ಊರಿನಿಂದ ಹೊರಗಿಡುವಾಗ ಸತ್ತವನಿಗೆ ಮಾಡುವಂಥ ವಿಧಿಯನ್ನೇ ಮಾಡುತ್ತಿದ್ದರು.

ಅಸ್ಸಿಸಿಯ ಸಂತ ಫ್ರಾನ್ಸಿಸರು 1226ರಲ್ಲಿ ಸಾವಿಗೆ ಮುನ್ನ ಹೇಳಿ ಬರೆಸಿದ ಮರಣಶಾಸನದಲ್ಲಿ ತಮ್ಮ ಪರಿವರ್ತನೆಯ ಆರಂಭವನ್ನು ಕುಷ್ಠರೋಗಿಗಳ ನಡುವೆ ಗುರುತಿಸುತ್ತಾರೆ. ಅವರನ್ನು ನೋಡುವುದೇ ಕಹಿಯಾಗಿತ್ತು. ದೇವರು ಅವರ ಬಳಿಗೆ ಕರೆದೊಯ್ದ ಮೇಲೆ ಆ ಕಹಿ ಸಿಹಿಯಾಯಿತು. ಇಲ್ಲಿ ವಾಸಿಯಾದದ್ದು ರೋಗಿಯ ದೇಹವಲ್ಲ, ನೋಡುವವನ ಕಣ್ಣು. ಕೊನೆಯ ವರ್ಷಗಳಲ್ಲಿ ಫ್ರಾನ್ಸಿಸರ ಸ್ವಂತ ಕಣ್ಣುಗಳು ಕೆಟ್ಟು, ಕಾಸಿದ ಕಬ್ಬಿಣದಿಂದ ಚಿಕಿತ್ಸೆ ಮಾಡಿದಾಗ ಅವರು ಬೆಂಕಿಯನ್ನು ಅಣ್ಣನೆಂದು ಕರೆದು ಮೃದುವಾಗಿರುವಂತೆ ಬೇಡಿಕೊಂಡರೆಂದು ಅವರ ಚರಿತ್ರಕಾರರು ಬರೆದಿದ್ದಾರೆ.

ಹುಟ್ಟಿನಿಂದಲೇ ಬೇರೆ ರೂಪ ಹೊತ್ತವರೂ ಸಂತರ ಸಾಲಿನಲ್ಲಿದ್ದಾರೆ. ಇಟಲಿಯ ಕಾಸ್ತೆಲ್ಲೊದ ಮಾರ್ಗರೇಟ್ ಕುರುಡಿಯಾಗಿ, ಗೂನು ಬೆನ್ನಿನೊಂದಿಗೆ ಹುಟ್ಟಿ, ಹೆತ್ತವರಿಂದಲೇ ತೊರೆಯಲ್ಪಟ್ಟವರು. 1320ರಲ್ಲಿ ತೀರಿಕೊಂಡ ಅವರನ್ನು ಪೋಪ್ ಫ್ರಾನ್ಸಿಸರು ಸಂತರೆಂದು ಘೋಷಿಸಿದ್ದು 2021ರಲ್ಲಿ, ಏಳು ಶತಮಾನಗಳ ನಂತರ.

ಅಂದಗೆಟ್ಟ ಕಾಲು, ತುಂಡಾದ ಬೆರಳು, ಸಿಡುಬಿನ ಕಲೆ

ಯೇಸುಸಭೆಯ ಸ್ಥಾಪಕರಾದ ಲೊಯೋಲದ ಸಂತ ಇಗ್ನೇಷಿಯಸರ ಕಥೆಯಲ್ಲಿ ರೂಪದ ಚಿಂತೆ ನೇರವಾಗಿ ಕಾಣಿಸುತ್ತದೆ. 1521ರ ಮೇ 20ರಂದು ಪಾಂಪ್ಲೋನ ಕೋಟೆಯಲ್ಲಿ ಫಿರಂಗಿ ಗುಂಡು ಅವರ ಕಾಲು ಮುರಿಯಿತು. ಮೂಳೆ ಕೂಡಿಕೊಂಡಾಗ ಮಂಡಿಯ ಕೆಳಗೆ ಒಂದು ಎಲುಬು ಗುಬುಟಾಗಿ ಹೊರಚಾಚಿತು. ಆ ಕಾಲದ ರಾಜಯೋಧರು ಧರಿಸುತ್ತಿದ್ದ ಬಿಗಿಯಾದ ಬೂಟು ಅದರ ಮೇಲೆ ಕೂರುವುದಿಲ್ಲವೆಂದು, ಅರಿವಳಿಕೆಯಿಲ್ಲದ ಆ ಕಾಲದಲ್ಲಿ, ಎಚ್ಚರದಲ್ಲೇ ಅದನ್ನು ಗರಗಸದಿಂದ ಕೊಯ್ಯಿಸಿಕೊಂಡರು. ಕಾಲು ಮೋಟಾಗದಿರಲೆಂದು ದಿನಗಟ್ಟಲೆ ಎಳೆಸಿಕೊಂಡರು. ಇದನ್ನೆಲ್ಲ ಅವರು ಮುಪ್ಪಿನಲ್ಲಿ ಆತ್ಮಚರಿತ್ರೆ ಹೇಳಿ ಬರೆಸುವಾಗ ಮುಚ್ಚಿಡಲಿಲ್ಲ. ಹಾಸಿಗೆ ಹಿಡಿದ ಆ ತಿಂಗಳುಗಳಲ್ಲಿ ಶೌರ್ಯದ ಕಥೆಗಳು ಸಿಗದೆ ಕ್ರಿಸ್ತನ ಚರಿತ್ರೆ ಮತ್ತು ಸಂತರ ಕಥೆಗಳನ್ನು ಓದಿದರು. ಯಾವ ಯೋಚನೆ ಮನಸ್ಸನ್ನು ಒಣಗಿಸುತ್ತದೆ, ಯಾವುದು ತಣಿಸುತ್ತದೆ ಎಂದು ಗಮನಿಸತೊಡಗಿದರು. ಅವರ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಕೃತಿಯ ಬೀಜ ಬಿದ್ದದ್ದು ಆ ಹಾಸಿಗೆಯಲ್ಲಿ. ಆರೋಗ್ಯವನ್ನು ಅನಾರೋಗ್ಯಕ್ಕಿಂತ ಮಿಗಿಲಾಗಿ ಬಯಸದ ಒಳಬಿಡುಗಡೆಯನ್ನು ಆ ಕೃತಿ ಆರಂಭದಲ್ಲೇ ಕೇಳುತ್ತದೆ. ಕಾಲು ಮಾತ್ರ ಸರಿಹೋಗಲಿಲ್ಲ. ಜೀವನಪೂರ್ತಿ ಕುಂಟುತ್ತಲೇ ನಡೆದರು.

ಇಗ್ನೇಷಿಯಸರ ಸಭೆಗೇ ಸೇರಿದ ಫ್ರೆಂಚ್ ಗುರು ಐಸಾಕ್ ಜೋಗ್ಸರನ್ನು 1642ರಲ್ಲಿ ಉತ್ತರ ಅಮೆರಿಕದ ಮೊಹಾಕರು ಸೆರೆಹಿಡಿದು ಬೆರಳುಗಳನ್ನು ಜಜ್ಜಿ ಕತ್ತರಿಸಿದರು. ಪರಮಪ್ರಸಾದದ ರೊಟ್ಟಿಯನ್ನು ಗುರು ಹೆಬ್ಬೆರಳು, ತೋರುಬೆರಳಿನಲ್ಲೇ ಹಿಡಿಯಬೇಕೆಂಬ ನಿಯಮವಿದ್ದ ಕಾಲ ಅದು. ತಪ್ಪಿಸಿಕೊಂಡು ಫ್ರಾನ್ಸಿಗೆ ಮರಳಿದ ಜೋಗ್ಸರಿಗೆ ಬಲಿಪೂಜೆ ಅರ್ಪಿಸಲು ಪೋಪ್ ಎಂಟನೇ ಅರ್ಬನ್ ವಿಶೇಷ ಅನುಮತಿ ಕೊಟ್ಟರು. ಜೋಗ್ಸರು ಅಮೆರಿಕಕ್ಕೆ ಮರಳಿ 1646ರಲ್ಲಿ ಕೊಲೆಯಾದರು. ಅವರಿಗೆ ಸಿಕ್ಕದ್ದು ವಿನಾಯಿತಿಯಷ್ಟೇ, ನಿಯಮ ಬದಲಾಗಲಿಲ್ಲ. ದೇಹದ ಊನದಿಂದ ಪೂಜೆಯನ್ನು ಸುರಕ್ಷಿತವಾಗಿ ನಡೆಸಲಾಗದವನಿಗೂ, ವಿಕಾರದಿಂದಾಗಿ ಗೌರವಯುತವಾಗಿ ನಡೆಸಲಾಗದವನಿಗೂ ಗುರುದೀಕ್ಷೆಗೆ ಅಡ್ಡಿಯಿದೆ ಎಂಬ ವಿಧಿ 1917ರ ಧರ್ಮಸಭಾ ಕಾನೂನು ಸಂಹಿತೆಯಲ್ಲೂ ಇತ್ತು. 1983ರ ಹೊಸ ಸಂಹಿತೆ ಅದನ್ನು ಕೈಬಿಟ್ಟಿತು. ಗಾಯಗೊಂಡ ದೇವರನ್ನು ಪೂಜಿಸುವ ಪೀಠದ ಬಳಿ ವಿಕಾರಗೊಂಡ ಮನುಷ್ಯ ನಿಲ್ಲಬಾರದೆಂಬ ಈ ವಿಧಿ ಅಷ್ಟು ದೀರ್ಘಕಾಲ ಉಳಿದದ್ದು ನೋವಿನ ಸಂಗತಿ.

ಜೋಗ್ಸರು ಸತ್ತ ಒಸ್ಸೆರ್ನೆನೊನ್ ಹಳ್ಳಿಯಲ್ಲೇ ಹತ್ತು ವರ್ಷಗಳ ನಂತರ, 1656ರಲ್ಲಿ, ಕಾತೆರಿ ತೆಕಾಕ್ವಿತಾ ಹುಟ್ಟಿದರು. ನಾಲ್ಕರ ವಯಸ್ಸಿನಲ್ಲಿ ಸಿಡುಬು ಬಂದು ತಂದೆತಾಯಿ, ತಮ್ಮ ತೀರಿಹೋದರು. ಕಾತೆರಿಗೆ ಉಳಿದದ್ದು ಕಲೆ ತುಂಬಿದ ಮುಖ ಮತ್ತು ಬೆಳಕು ತಾಳದ ಕಣ್ಣು. ಇಪ್ಪತ್ತರ ವಯಸ್ಸಿನಲ್ಲಿ ಜ್ಞಾನಸ್ನಾನ ಪಡೆದು, 1680ರ ಏಪ್ರಿಲ್ 17ರಂದು ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ತೀರಿಕೊಂಡರು. ಸತ್ತ ಕಾಲು ಗಂಟೆಯೊಳಗೆ ಮುಖದ ಕಲೆಗಳು ಮಾಯವಾಗಿ ಅದು ಕಾಂತಿಯುತವಾಯಿತೆಂದು ಹತ್ತಿರವಿದ್ದ ಯೇಸುಸಭೆಯ ಗುರು ಬರೆದಿಟ್ಟಿದ್ದಾರೆ. ಭಕ್ತರಿಗೆ ಈ ಪ್ರಸಂಗ ತುಂಬ ಪ್ರಿಯ. ಆದರೂ ಅಗಸ್ಟೀನರ ಮಾತಿನ ಪಕ್ಕದಲ್ಲಿ ಇಟ್ಟರೆ ಇದು ಪ್ರಶ್ನೆ ಎತ್ತುತ್ತದೆ. ಕಲೆ ಅಳಿದದ್ದರಿಂದ ಕಾತೆರಿ ಸಂತರಾದರೆಂದು ಓದಿದರೆ, ಕಲೆಯೊಂದಿಗೇ ಬಾಳುವವರಿಗೆ ಈ ಕಥೆ ಏನನ್ನೂ ಕೊಡುವುದಿಲ್ಲ. ಆ ಕಲೆಯ ಮುಖದಿಂದಲೇ ಅವರು ಇಪ್ಪತ್ತು ವರ್ಷ ಬಾಳಿದರು, ಪ್ರಾರ್ಥಿಸಿದರು, ನೆರೆಯವರ ಹಂಗಣೆ ಸಹಿಸಿದರು ಎಂಬ ಭಾಗವೇ ಹೆಚ್ಚು ತೂಕದ್ದು.

ಇದೇ ಶತಮಾನದ ಮೊದಲ ಭಾಗದಲ್ಲಿ ಪೆರು ದೇಶದ ಲಿಮಾದ ಸಂತ ರೋಸ್ (1586–1617) ತಮ್ಮ ಚೆಲುವನ್ನು ಕೆಡಿಸಿಕೊಳ್ಳಲು ಮುಖಕ್ಕೆ ಮೆಣಸು ತಿಕ್ಕಿಕೊಂಡರೆಂಬ ಕಥೆಯಿದೆ. ಕೇರಳದ ಸಂತ ಅಲ್ಫೋನ್ಸಾ (1910–1946) ಬಾಲ್ಯದಲ್ಲಿ, ಮದುವೆಯ ಒತ್ತಾಯದಿಂದ ಪಾರಾಗಲು, ಹೊಟ್ಟು ಉರಿಯುತ್ತಿದ್ದ ಗುಂಡಿಗೆ ಕಾಲಿಟ್ಟು ಸುಟ್ಟುಕೊಂಡರು. ಇಂಥ ಸ್ವಯಂಹಿಂಸೆಯನ್ನು ಇಂದಿನ ಧರ್ಮಸಭೆ ಯಾರಿಗೂ ಮಾದರಿಯಾಗಿ ಇಡುವುದಿಲ್ಲ. ಅಲ್ಫೋನ್ಸಾರನ್ನು ಜನ ನೆನೆಯುವುದು ಭರಣಂಗಾನಂ ಕಾನ್ವೆಂಟಿನಲ್ಲಿ ವರ್ಷಗಟ್ಟಲೆ ಕಾಯಿಲೆ ಬಿದ್ದಾಗಲೂ ಸುತ್ತಲಿನವರ ಮೇಲೆ ಕಹಿಯಾಗದ ಮನಸ್ಸಿಗಾಗಿ. 2008ರ ಅಕ್ಟೋಬರ್ 12ರಂದು ಅವರು ಭಾರತದ ಮೊದಲ ಮಹಿಳಾ ಸಂತರಾದರು. ಜುಲೈ 28ರ ಅವರ ಹಬ್ಬಕ್ಕೆ ಸಮಾಧಿಯ ಬಳಿ ಸೇರುವ ಜನರಲ್ಲಿ ರೋಗಿಗಳೂ ಅವರ ಮನೆಯವರೂ ದೊಡ್ಡ ಸಂಖ್ಯೆಯಲ್ಲಿರುತ್ತಾರೆ.

ಮೊಲೊಕಾಯ್

ಹವಾಯಿ ರಾಜ್ಯ 1866ರಿಂದ ಕುಷ್ಠರೋಗಿಗಳನ್ನು ಮೊಲೊಕಾಯ್ ದ್ವೀಪದ ಕಡಿದಾದ ಬಂಡೆಗಳ ಕೆಳಗಿನ ಒಂದು ಚಾಚಿಗೆ ಗಡೀಪಾರು ಮಾಡುತ್ತಿತ್ತು. ಈ ಪದ್ಧತಿ 1969ರವರೆಗೂ ನಡೆಯಿತು. ಬೆಲ್ಜಿಯಂನ ಗುರು ಡೇಮಿಯನ್ 1873ರ ಮೇ 10ರಂದು ಅಲ್ಲಿಗೆ ಬಂದಿಳಿದರು. ಅದೇ ವರ್ಷ ನಾರ್ವೆಯ ವೈದ್ಯ ಹ್ಯಾನ್ಸೆನ್ ಕುಷ್ಠದ ರೋಗಾಣುವನ್ನು ಗುರುತಿಸಿದರು; ಮದ್ದು ಮಾತ್ರ ಇನ್ನೂ ಎಷ್ಟೋ ದಶಕ ದೂರವಿತ್ತು. ಡೇಮಿಯನ್ ರೋಗಿಗಳ ಗಾಯ ಕಟ್ಟಿದರು, ಮನೆ ಕಟ್ಟಿದರು, ಶವಪೆಟ್ಟಿಗೆ ಮಾಡಿದರು, ಒಂದೇ ಬಟ್ಟಲಲ್ಲಿ ಉಂಡರು. 1884ರ ಡಿಸೆಂಬರಿನಲ್ಲಿ ಒಂದು ದಿನ ಕುದಿಯುವ ನೀರಿಗೆ ಕಾಲಿಟ್ಟಾಗ ಬೊಬ್ಬೆಯೆದ್ದರೂ ಉರಿ ತಿಳಿಯಲಿಲ್ಲ. ರೋಗ ತಮಗೂ ಬಂದಿದೆಯೆಂದು ಅವರಿಗೆ ಖಾತ್ರಿಯಾದದ್ದು ಹಾಗೆ.

1888ರ ಕೊನೆಯಲ್ಲಿ ಇಂಗ್ಲಿಷ್ ಚಿತ್ರಕಾರ ಎಡ್ವರ್ಡ್ ಕ್ಲಿಫರ್ಡ್ ಗರ್ಜನ್ ಎಣ್ಣೆ ಎಂಬ ಔಷಧ ಹಿಡಿದು ಅಲ್ಲಿಗೆ ಹೋಗಿ ಡೇಮಿಯನ್ನರ ಚಿತ್ರ ಬರೆದರು. ಚಿತ್ರ ನೋಡಿದ ಡೇಮಿಯನ್ ತಮ್ಮ ಮುಖ ಇಷ್ಟು ಕೆಟ್ಟಿದೆಯೆಂದು, ರೋಗ ಇಷ್ಟು ಮುಂದೆ ಹೋಗಿದೆಯೆಂದು ತಿಳಿದಿರಲಿಲ್ಲ ಎಂದರಂತೆ. ಆ ಊರಿನಲ್ಲಿ ಕನ್ನಡಿಗೆ ಹೆಚ್ಚು ಬೇಡಿಕೆಯಿಲ್ಲವೆಂದು ಕ್ಲಿಫರ್ಡ್ ಬರೆದಿದ್ದಾರೆ. ಸಂತರ ಚರಿತ್ರೆಗಳಲ್ಲಿ ಸಾಮಾನ್ಯವಾಗಿ ಸಿಗದ ಕ್ಷಣವಿದು: ತನ್ನ ರೂಪ ಹೋದದ್ದಕ್ಕೆ ಸಂತನೂ ನೊಂದುಕೊಳ್ಳುತ್ತಾನೆ, ಆ ನೋವು ಅವನ ಭಕ್ತಿಗೆ ಕುಂದು ತರುವುದಿಲ್ಲ. ಡೇಮಿಯನ್ 1889ರ ಏಪ್ರಿಲ್ 15ರಂದು ತೀರಿಕೊಂಡರು. ಊದಿ ಗಂಟಾದ ಮುಖದ ಅವರ ಕೊನೆಯ ಛಾಯಾಚಿತ್ರ ಇಂದಿಗೂ ಉಳಿದಿದೆ; 2009ರಲ್ಲಿ ಸಂತಪದವಿಗೇರಿದ ವ್ಯಕ್ತಿಯ ರೋಗಗ್ರಸ್ತ ಮುಖವನ್ನು ಭಕ್ತರು ಹೀಗೆ ನೇರವಾಗಿ ನೋಡುವಂತಾಯಿತು.

ಡೇಮಿಯನ್ ಸಾಯುವ ಐದು ತಿಂಗಳು ಮೊದಲು ಅಲ್ಲಿಗೆ ಬಂದ ಫ್ರಾನ್ಸಿಸ್ಕನ್ ಸನ್ಯಾಸಿನಿ ಮರಿಯಾನ್ ಕೋಪ್ ಮೂವತ್ತು ವರ್ಷ ಅಲ್ಲೇ ದುಡಿದರು. ರೋಗಿ ಹುಡುಗಿಯರಿಗೆ ಅವರು ಚೆಂದದ ಉಡುಪು ಹೊಲಿದುಕೊಟ್ಟರು, ಬರಡು ನೆಲದಲ್ಲಿ ಗಿಡ ನೆಟ್ಟು ತೋಟ ಮಾಡಿದರು. ಮುಖ ಕೆಟ್ಟ ಹುಡುಗಿಗೂ ಅಲಂಕಾರದ ಆಸೆ ಇರುತ್ತದೆ, ಅದು ತಪ್ಪಲ್ಲ ಎಂಬ ತಿಳಿವು ಇಲ್ಲಿ ಸೇವೆಯ ಭಾಗವಾಯಿತು. ಇವರಿಗೂ ಕಾತೆರಿಗೂ ಸಂತಪದವಿ ಸಿಕ್ಕಿದ್ದು ಒಂದೇ ದಿನ, 2012ರ ಅಕ್ಟೋಬರ್ 21ರಂದು.

ಪವಿತ್ರ ಮುಖದ ಭಕ್ತಿ ಮತ್ತು ಇಪ್ಪತ್ತನೇ ಶತಮಾನ

ಶಿಲುಬೆ ಹಾದಿಯ ಆರನೇ ಸ್ಥಳದಲ್ಲಿ ವೆರೋನಿಕಾ ಎಂಬ ಹೆಂಗಸು ಯೇಸುವಿನ ರಕ್ತಸಿಕ್ತ ಮುಖ ಒರೆಸುತ್ತಾಳೆ. ಆ ಬಟ್ಟೆಯ ಮೇಲೆ ಮುಖದ ಅಚ್ಚು ಮೂಡಿತೆಂಬ ಐತಿಹ್ಯ ಬೈಬಲಿನಲ್ಲಿಲ್ಲ, ಆದರೂ ಭಕ್ತರ ಮನಸ್ಸಿನಲ್ಲಿ ಆಳವಾಗಿ ಬೇರೂರಿದೆ. 1840ರ ದಶಕದಲ್ಲಿ ಫ್ರಾನ್ಸಿನ ತೂರ್ ನಗರದಿಂದ ಹರಡಿದ ಪವಿತ್ರ ಮುಖದ ಭಕ್ತಿಯನ್ನು ಲಿಸ್ಯುವಿನ ಸಂತ ತೆರೇಸರು ತಮ್ಮ ಹೆಸರಿಗೇ ಸೇರಿಸಿಕೊಂಡರು. ಅದಕ್ಕೆ ಮನೆಯ ಕಾರಣವೂ ಇತ್ತು. ಬಾಲ್ಯದಲ್ಲಿ ಅವರು, ತಂದೆಯಂಥ ಒಬ್ಬ ವ್ಯಕ್ತಿ ಮುಖ ಮುಚ್ಚಿಕೊಂಡು ಬಾಗಿ ತೋಟದಲ್ಲಿ ನಡೆಯುವ ದೃಶ್ಯ ಕಂಡಿದ್ದರು. 1889ರಲ್ಲಿ ತಂದೆ ಲೂಯಿ ಮಾರ್ಟಿನ್ ಮನೋರೋಗದಿಂದ ಕಾನ್ ನಗರದ ಆಸ್ಪತ್ರೆ ಸೇರಿದಾಗ ಅದರ ಅರ್ಥ ತಿಳಿಯಿತೆಂದು ಬರೆದಿದ್ದಾರೆ. ಯೆಶಾಯನ ಸೇವಕನ ಮರೆಯಾದ ಮುಖದಲ್ಲಿ ಅವರು ತಂದೆಯ ಮುಖವನ್ನೂ ಕಂಡರು. ತೆರೇಸರು 1897ರಲ್ಲಿ 24ನೇ ವಯಸ್ಸಿಗೆ ಕ್ಷಯದಿಂದ ತೀರಿಕೊಂಡರು. ತಂದೆ 2015ರಲ್ಲಿ ಸಂತರಾದರು.

ಅಮೆರಿಕದ ಕಥೋಲಿಕ ಲೇಖಕಿ ಫ್ಲ್ಯಾನರಿ ಓಕಾನರ್ (1925–1964) ಲೂಪಸ್ ರೋಗದಿಂದ, ಅದರ ಮದ್ದಿನಿಂದ, ಊರುಗೋಲಿನೊಂದಿಗೆ ಬಾಳಿದವರು. ಮುಖದ ಗಡ್ಡೆಯಿಂದ ಒಂದು ಕಣ್ಣು ಕಳೆದುಕೊಂಡು, ಅಟ್ಲಾಂಟದ ಕ್ಯಾನ್ಸರ್ ಆಶ್ರಯದಲ್ಲಿ ಬೆಳೆದು 12ರ ವಯಸ್ಸಿನಲ್ಲಿ ತೀರಿಹೋದ ಬಾಲಕಿಯೊಬ್ಬಳ ಬಗ್ಗೆ ಅಲ್ಲಿನ ಸನ್ಯಾಸಿನಿಯರು ಬರೆದ ಪುಸ್ತಕಕ್ಕೆ ಅವರು 1961ರಲ್ಲಿ ಮುನ್ನುಡಿ ಬರೆದರು. ಕೆಡುಕಿನ ವಿಕಾರ ಮುಖಕ್ಕೆ ಜನ ಒಗ್ಗಿದ್ದಾರೆ, ಒಳಿತಿನ ಮುಖವೂ ವಿಕಾರವಾಗಿ ಕಾಣಬಹುದೆಂಬುದನ್ನು ಒಪ್ಪುವುದು ಕಷ್ಟ ಎಂಬುದು ಅದರ ತಿರುಳು. ಒಳಿತು ನಮ್ಮಲ್ಲಿ ಇನ್ನೂ ಕಟ್ಟಿ ಮುಗಿದಿಲ್ಲವಾದ್ದರಿಂದ ಅದು ಅರೆಬರೆಯಾಗಿ ಕಾಣುತ್ತದೆ ಎಂಬ ಅವರ ಯೋಚನೆ ಈ ವಿಷಯದ ಮೇಲಿನ ಆಧುನಿಕ ಬರಹಗಳಲ್ಲಿ ಎತ್ತರದ್ದು. ಆ ಆಶ್ರಯ ನಡೆಸಿದ ಸನ್ಯಾಸಿನಿಯರ ಸಭೆಯನ್ನು ಸ್ಥಾಪಿಸಿದವರು ಕಾದಂಬರಿಕಾರ ನಥಾನಿಯಲ್ ಹಾಥಾರ್ನರ ಮಗಳು ರೋಸ್. ಕ್ಯಾನ್ಸರ್ ಅಂಟುರೋಗವೆಂದು ಜನ ಹೆದರುತ್ತಿದ್ದ ಕಾಲದಲ್ಲಿ ನ್ಯೂಯಾರ್ಕಿನ ಬಡ ರೋಗಿಗಳ ನಡುವೆ ಅವರು ಕೆಲಸ ಶುರುಮಾಡಿದ್ದರು.

ಇಟಲಿಯ ಪುನೀತ ಕಿಯಾರಾ ಬದಾನೊ (1971–1990) ಮೂಳೆ ಕ್ಯಾನ್ಸರಿಗೆ ತುತ್ತಾದ ಹದಿಹರೆಯದ ಹುಡುಗಿ. ಕಿಮೋಥೆರಪಿಯಿಂದ ಕೂದಲು ಉದುರುವಾಗ ಪ್ರತಿ ಎಳೆಯನ್ನೂ ಯೇಸುವಿಗೆಂದು ಒಪ್ಪಿಸುತ್ತಿದ್ದಳು. ಮದುವಣಗಿತ್ತಿಯ ಬಿಳಿ ಉಡುಪಿನಲ್ಲೇ ತನ್ನನ್ನು ಹೂಳಬೇಕೆಂದು ಕೇಳಿಕೊಂಡಳು. ಕೂದಲು ಹೋಗುವುದನ್ನು ದೊಡ್ಡ ವಿಷಯವಲ್ಲವೆಂದು ತಳ್ಳದೆ, ಅದೂ ಅರ್ಪಿಸಲು ಯೋಗ್ಯವಾದ ನಷ್ಟವೆಂದು ಎಣಿಸಿದ್ದರಲ್ಲಿ ಅವಳ ಪ್ರಾಮಾಣಿಕತೆಯಿದೆ. 2010ರಲ್ಲಿ ಅವಳನ್ನು ಪುನೀತಳೆಂದು ಘೋಷಿಸಲಾಯಿತು.

ಪೋಪ್ ಎರಡನೇ ಜಾನ್ ಪಾಲರು ಗುಂಡೇಟಿನಿಂದ ಬದುಕುಳಿದ ಸುಮಾರು ಮೂರು ವರ್ಷಗಳ ನಂತರ, 1984ರ ಫೆಬ್ರುವರಿ 11ರಂದು, ಮನುಷ್ಯರ ಯಾತನೆಯ ಕ್ರೈಸ್ತ ಅರ್ಥವನ್ನು ಕುರಿತು ‘ಸಾಲ್ವಿಫಿಚಿ ದೋಲೋರಿಸ್’ ಎಂಬ ಧರ್ಮಪತ್ರ ಹೊರಡಿಸಿದರು. ಯಾತನೆ ಕೆಡುಕೇ, ಕ್ರಿಸ್ತನೊಂದಿಗೆ ಸೇರಿದಾಗ ಅದು ಪ್ರೀತಿಯ ದಾರಿಯಾಗಬಲ್ಲದು, ನೊಂದವನು ತನ್ನ ನೋವಿನಿಂದ ಒಳಿತು ಮಾಡುವಂತೆಯೇ ಇತರರು ನೊಂದವನಿಗೆ ಒಳಿತು ಮಾಡಬೇಕು ಎಂಬುದು ಪತ್ರದ ಸಾರ. ಕೊನೆಯ ಮಾತಿಗೆ ಆಧಾರ ದಯಾಳು ಸಮಾರ್ಯನ ಸಾಮತಿ. ಮುಂದೆ ಪಾರ್ಕಿನ್ಸನ್ ರೋಗದಿಂದ ಅವರ ಮುಖ ಬಿಗಿದು, ಕೈ ನಡುಗಿ, 2005ರ ಮಾರ್ಚ್ 30ರಂದು ಕಿಟಕಿಯಲ್ಲಿ ಕಾಣಿಸಿಕೊಂಡಾಗ ಮಾತೇ ಹೊರಡಲಿಲ್ಲ. ಮೂರು ದಿನಗಳ ನಂತರ ತೀರಿಕೊಂಡರು. ಕ್ರೀಡಾಪಟುವಿನಂತಿದ್ದ ಪೋಪರ ಈ ಕುಸಿತವನ್ನು ಮರೆಮಾಡದಿದ್ದದ್ದು ಆ ಧರ್ಮಪತ್ರಕ್ಕೆ ಬರೆದ ವ್ಯಾಖ್ಯಾನದಂತಿತ್ತು. 2013ರ ನವೆಂಬರ್ 6ರಂದು ಪೋಪ್ ಫ್ರಾನ್ಸಿಸರು ನರಗಂತಿ ರೋಗದಿಂದ ಮುಖವೆಲ್ಲ ಗಂಟಾದ ವ್ಯಕ್ತಿಯೊಬ್ಬರನ್ನು ಅಪ್ಪಿಕೊಂಡ ಚಿತ್ರ ಲೋಕವೆಲ್ಲ ಸುತ್ತಿತು. ಅಪ್ಪುವ ಮೊದಲು ಪೋಪರು ಒಂದಿಷ್ಟೂ ಹಿಂಜರಿಯಲಿಲ್ಲ ಎಂಬುದನ್ನೇ ಆ ವ್ಯಕ್ತಿ ಆಮೇಲೆ ನೆನೆದರು.

ಚಿಕಿತ್ಸೆ ಮತ್ತು ರೂಪ ಸರಿಪಡಿಸುವಿಕೆ

ನೋವನ್ನು ಅರ್ಪಿಸುವುದೆಂದರೆ ಮದ್ದು ಬಿಡುವುದೆಂದು ತಿಳಿದವರಿದ್ದಾರೆ. ಬೋಧನೆ ಹಾಗಿಲ್ಲ. ಪೋಪ್ ಹನ್ನೆರಡನೇ ಪಯಸ್ 1957ರಲ್ಲಿ 
ಅರಿವಳಿಕೆ ತಜ್ಞರಿಗೆ ಮಾಡಿದ ಭಾಷಣದಲ್ಲಿ ನೋವು ನಿವಾರಕ ತೆಗೆದುಕೊಳ್ಳುವುದು ಸರಿಯೆಂದೂ, ನೋವು ಸಹಿಸುವುದು ಕಡ್ಡಾಯವಲ್ಲವೆಂದೂ ಸ್ಪಷ್ಟಪಡಿಸಿದರು. ಮರುವರ್ಷ ಪ್ಲಾಸ್ಟಿಕ್ ಶಸ್ತ್ರವೈದ್ಯರನ್ನು ಉದ್ದೇಶಿಸಿ, ಉದ್ದೇಶ ಒಳ್ಳೆಯದಿದ್ದರೆ ರೂಪ ತಿದ್ದಿಸಿಕೊಳ್ಳುವುದು ಸಲ್ಲುತ್ತದೆ ಎಂದರು. ಹಾಗಾಗಿ ಸುಟ್ಟ ಮುಖಕ್ಕೆ ಶಸ್ತ್ರಚಿಕಿತ್ಸೆ ಬಯಸುವುದು, ಕೂದಲಿಲ್ಲದ ತಲೆಗೆ ವಿಗ್ ಹಾಕುವುದು ಶ್ರದ್ಧೆಯ ಕೊರತೆಯಲ್ಲ.

ಭಾರತ ಮತ್ತು ಕರ್ನಾಟಕದಲ್ಲಿ

ಜರ್ಮನಿಯಿಂದ ಬಂದ ಯೇಸುಸಭೆಯ ಗುರು ಆಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಹೋಮಿಯೋಪತಿ ಔಷಧ ಹಂಚಲು ಆರಂಭಿಸಿದರು. ಕುಷ್ಠರೋಗಿಗಳಿಗೂ ಅಲ್ಲಿ ಆಶ್ರಯ ಸಿಕ್ಕಿತು. ಅದೇ ಇಂದಿನ ಫಾದರ್ ಮುಲ್ಲರ್ ಆಸ್ಪತ್ರೆ. ಬೆಂಗಳೂರಿನ ಮಾಗಡಿ ರಸ್ತೆಯ ಸುಮನಹಳ್ಳಿ 1970ರ ದಶಕದ ಕೊನೆಯಲ್ಲಿ ಶುರುವಾದ ಪುನರ್ವಸತಿ ಕೇಂದ್ರ. ಕುಷ್ಠ ವಾಸಿಯಾದರೂ ಮಡಚಿದ ಬೆರಳು, ಕುಸಿದ ಮೂಗು ನೋಡಿ ಕೆಲಸ ಕೊಡದ ಸಮಾಜದಲ್ಲಿ, ಮದ್ದಿನ ಜೊತೆ ಕಸುಬು ಕಲಿಸುವುದೂ ಅಷ್ಟೇ ಅಗತ್ಯವೆಂದು ಅದು ಕಂಡುಕೊಂಡಿತು. ತೊನ್ನನ್ನು ‘ಬಿಳಿ ಕುಷ್ಠ’ವೆಂದು ಕರೆದು ದೂರವಿಡುವ ಊರುಗಳು ಈಗಲೂ ಇವೆ. ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯ್ದೆಯಲ್ಲಿ ಸಂಗಾತಿಯ ಕುಷ್ಠರೋಗ ವಿಚ್ಛೇದನಕ್ಕೆ ಕಾರಣವಾಗಿತ್ತು. ಸಂಸತ್ತು ಅದನ್ನು ಕೈಬಿಟ್ಟಿದ್ದು 2019ರಲ್ಲಿ.

ಜನರ ಭಕ್ತಿ ಹರಿದದ್ದು ಆರೋಗ್ಯ ಮಾತೆಯ ಕಡೆಗೆ. ತಮಿಳುನಾಡಿನ ವೇಳಾಂಗಣಿಗೆ ಕರ್ನಾಟಕದಿಂದ ಪ್ರತಿ ವರ್ಷ ಜನ ಹೋಗುತ್ತಾರೆ. ತುಂಗಭದ್ರೆಯ ದಡದ ಹರಿಹರದಲ್ಲೂ ಆರೋಗ್ಯ ಮಾತೆಯ ಬಸಿಲಿಕವಿದೆ. ವಾಸಿಯಾಗಲೆಂದು ಬೇಡಿದ ಕೈ, ಕಾಲು, ಕಣ್ಣಿನ ಆಕಾರಗಳನ್ನು ವೇಳಾಂಗಣಿಯಲ್ಲಿ ಹರಕೆಯಾಗಿ ಒಪ್ಪಿಸುತ್ತಾರೆ. ದೇಹದ ಒಂದೊಂದು ಅಂಗದ ಹೆಸರು ಹಿಡಿದು ದೇವರ ಮುಂದಿಡುವ ಈ ರೂಢಿಯಲ್ಲಿ ವಿದ್ವಾಂಸರ ಗ್ರಂಥಗಳಲ್ಲಿ ಕಾಣದ ನೇರತನವಿದೆ.

ರೋಗಿಗಳ ಅಭ್ಯಂಗ

ಕಾಯಿಲೆಗೆ ಧರ್ಮಸಭೆ ಕೊಡುವ ಅಧಿಕೃತ ಸಂಸ್ಕಾರ ಎಣ್ಣೆ ಹಚ್ಚಿ ಪ್ರಾರ್ಥಿಸುವುದು. ರೋಗಿ ಸಭೆಯ ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಎಂಬ ಯಕೋಬನ ಪತ್ರದ 5ನೇ ಅಧ್ಯಾಯ ಅದರ ಆಧಾರ. ಮಧ್ಯಯುಗದಲ್ಲಿ ಇದು ಸಾಯುವವರಿಗಷ್ಟೇ ಎಂಬಂತಾಗಿ ‘ಅಂತಿಮ ಅಭ್ಯಂಗ’ವೆನಿಸಿತು. ಗುರು ಎಣ್ಣೆ ಹಿಡಿದು ಬಂದರೆಂದರೆ ಮನೆಮಂದಿ ಅಳತೊಡಗುತ್ತಿದ್ದರು. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ‘ರೋಗಿಗಳ ಅಭ್ಯಂಗ’ ಎಂಬ ಹೆಸರೇ ಹೆಚ್ಚು ಯುಕ್ತವೆಂದಿತು. ಪೋಪ್ ಆರನೇ ಪೌಲರು 1972ರ ನವೆಂಬರ್ 30ರಂದು ವಿಧಿಯನ್ನು ಪರಿಷ್ಕರಿಸಿದರು. ಗಂಭೀರ ಕಾಯಿಲೆಯವರು, ದೊಡ್ಡ ಶಸ್ತ್ರಚಿಕಿತ್ಸೆಗೆ ಹೋಗುವವರು, ವಯಸ್ಸಿನಿಂದ ಕುಗ್ಗಿದವರು ಇದನ್ನು ಪಡೆಯಬಹುದು. ಕಾಯಿಲೆ ಮರುಕಳಿಸಿದರೆ ಮತ್ತೆ ಪಡೆಯಬಹುದು. ಆಲಿವ್ ಎಣ್ಣೆ ಸಿಗದ ಕಡೆ ಬೇರೆ ಸಸ್ಯಜನ್ಯ ಎಣ್ಣೆಗೂ ಅವಕಾಶವಾಯಿತು.

ಲೂರ್ದು ಮಾತೆಯ ಹಬ್ಬವಾದ ಫೆಬ್ರುವರಿ 11 ಅನ್ನು 1993ರಿಂದ ವಿಶ್ವ ರೋಗಿಗಳ ದಿನವಾಗಿ ಆಚರಿಸುತ್ತಾರೆ. 2019ರ ಮುಖ್ಯ ಆಚರಣೆ ಕೋಲ್ಕತ್ತದಲ್ಲಿ ನಡೆಯಿತು. ಅನೇಕ ಧರ್ಮಕೇಂದ್ರಗಳಲ್ಲಿ ಅಂದು ಬಲಿಪೂಜೆಯ ನಡುವೆಯೇ ರೋಗಿಗಳಿಗೆ ಅಭ್ಯಂಗ ನಡೆಯುತ್ತದೆ. ಹಿಂದೆ ಕಣ್ಣು, ಕಿವಿ, ಮೂಗು, ಬಾಯಿ, ಕೈಗಳಿಗೆ ಹಚ್ಚುತ್ತಿದ್ದ ಎಣ್ಣೆಯನ್ನು ಈಗ ಹಣೆಗೂ ಅಂಗೈಗಳಿಗೂ ಹಚ್ಚುತ್ತಾರೆ. ಹಣೆ ಪಟ್ಟಿಯ ಕೆಳಗಿದ್ದರೆ, ಕೈಗಳೇ ಇಲ್ಲದಿದ್ದರೆ, ದೇಹದ ಸ್ಥಿತಿಗೆ ಹೊಂದುವ ಬೇರೆ ಯಾವುದಾದರೂ ಭಾಗಕ್ಕೆ ಒಮ್ಮೆ ಹಚ್ಚಿ ಪ್ರಾರ್ಥನೆಯನ್ನು ಪೂರ್ತಿ ಹೇಳಿದರೆ ಸಂಸ್ಕಾರ ಸಂಪೂರ್ಣವಾಗುತ್ತದೆ.